ಅರವತ್ತಾರು ಮರದಾಚೆಯ ಪ್ಲಗ್ಗು

(ಮಲೆನಾಡಿನ ಒಂದು ಊರಿನಲ್ಲಿ ಅಡಿಕೆ ಬೆಳೆಗಾರರ ಮುಂದೆ ಆಡಿದ ಮಾತುಗಳನ್ನು ಆಮೇಲೆ ಕುಳಿತು ತಿದ್ದಿ ಬರೆದದ್ದು. ಕೊನೆಯಲ್ಲಿ ಸಭಿಕರು ಕೇಳಿದ ಒಂದೆರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮೊದಲು ಮುಗಿಸುತ್ತೇನೆಂದು ಮಾತು ಕೊಟ್ಟು ವೇದಿಕೆ ಹತ್ತಿದ್ದೇನೆ. ಹಾಗಾಗಿ ಪೀಠಿಕೆ ಬಿಟ್ಟು ನೇರವಾಗಿ ಒಂದು ಶೆಡ್ಡಿನ ಬಾಗಿಲಿಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ನನ್ನ ಸ್ನೇಹಿತರೊಬ್ಬರ ತೋಟ. ಮನೆ ಮೇಲೆ, ರಸ್ತೆ ಕೆಳಗೆ, ನಡುವೆ ಅಡಿಕೆ. ರಸ್ತೆಯ ಬದಿಗೆ ಗೇಟು, ಗೇಟಿನ ಪಕ್ಕ ಒಂದು ತಗಡಿನ ಶೆಡ್ಡು. ಅವರ ತಂದೆಯ ಕಾಲದಲ್ಲಿ ಗೇಟಿನ ದಾರಿಗೆ ನಾಲ್ಕು ದೀಪ ಬೇಕೆಂದು ಮನೆಯಿಂದ ಎರಡೂವರೆ ಎಂಎಂ ತಾಮ್ರದ ವೈರು ಎಳೆಸಿದ್ದರು. ದೀಪಕ್ಕೆ ಅದು ಧಾರಾಳವಾಯಿತು. ಕೆಲವು ವರ್ಷ ಕಳೆದ ಮೇಲೆ ಶೆಡ್ಡಿನಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಒಂದು ಪ್ಲಗ್ಗು ಬಂತು. ಪ್ಲಗ್ಗು ಹೇಗೂ ಇದೆಯಲ್ಲ ಎಂದು ಅಡಿಕೆ ಸುಲಿಯುವ ಯಂತ್ರವೂ ಬಂತು. ಅದರದು ಒಂದು ಎಚ್‌ಪಿ ಮೋಟಾರು.

ಗುಂಡಿ ಒತ್ತಿದರೆ ಯಂತ್ರ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಬೆಲ್ಟು ಕೈಯಲ್ಲಿ ಎಳೆದು ನೂಕಿಕೊಟ್ಟರೆ ಒಮ್ಮೊಮ್ಮೆ ಹೊರಡುತ್ತದೆ. ಮೋಟಾರು ಹೊರಡಲು ನೂಕು ಕೊಡುವ ಕೆಪಾಸಿಟರ್ ಹೋಗಿದೆ ಎಂದರು, ಬದಲಿಸಿದರು, ಮತ್ತೊಮ್ಮೆ ಬದಲಿಸಿದರು. ಆಮೇಲೆ ಕಾಯಿಲೇ ಸುಟ್ಟಿತು. ಪೇಟೆಗೆ ಹೊತ್ತು ಕಾಯಿಲ್ ಕಟ್ಟಿಸಿಕೊಂಡು ಬಂದರು. ಪೇಟೆಯ ಅಂಗಡಿಯ ಮೇಜಿನ ಮೇಲೆ ಅದು ಬುಗುರಿಯ ಹಾಗೆ ತಿರುಗಿತು, ಶೆಡ್ಡಿಗೆ ಬಂದದ್ದೇ ಮತ್ತೆ ಗುಂಯ್. "ಭಾವ, ಈ ಜಾಗದ ವಾಸ್ತುವೇ ಸರಿಯಿಲ್ಲ" ಎಂದು ನನಗೆ ಫೋನ್ ಮಾಡಿದರು.

ನಾನು ವೋಲ್ಟೇಜು ಅಳೆಯುವ ಎರಡು ಮೀಟರು ತೆಗೆದುಕೊಂಡು ಹೋದೆ. ಒಂದನ್ನು ಮನೆಯ ಬೋರ್ಡಿನ ಹತ್ತಿರ ಅವರ ಮಗನ ಕೈಗೆ ಕೊಟ್ಟೆ, ಇನ್ನೊಂದನ್ನು ಹಿಡಿದು ಶೆಡ್ಡಿಗೆ ನಡೆದೆ. ನಡೆಯುತ್ತ ಸಾಲಿನ ಮರ ಎಣಿಸಿದೆ: ಅರವತ್ತಾರು. ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ ಎಂದರೆ ಸುಮಾರು 180 ಮೀಟರ್. ಅಳತೆಯ ಟೇಪು ಬೇಕಾಗಲಿಲ್ಲ. ಯಂತ್ರ ನಿಂತಿದ್ದಾಗ ಎರಡೂ ಕಡೆ 225 ವೋಲ್ಟ್ ಇತ್ತು. ಗುಂಡಿ ಒತ್ತಿದಾಗ ಮನೆಯಲ್ಲಿ 210ರ ಸುತ್ತ, ಶೆಡ್ಡಿನಲ್ಲಿ 150ರ ಸುತ್ತ. ಅರವತ್ತು ವೋಲ್ಟು ದಾರಿಯಲ್ಲೇ ಕಳೆದುಹೋಗಿತ್ತು.

ಇದರ ಲೆಕ್ಕ ಶಾಲೆಯ ಮಕ್ಕಳೂ ಮಾಡಬಲ್ಲಷ್ಟು ಸರಳ. ಪೇಟೆಯಲ್ಲಿ ಸಿಗುವ ಎರಡೂವರೆ ಎಂಎಂ ವೈರಿನ ರೋಧ ಕಿಲೋಮೀಟರಿಗೆ ಸುಮಾರು 8 ಓಮ್. (ಎಂಎಂ ಎನ್ನುವುದು ಬಾಯಿಮಾತು, ನಿಜದಲ್ಲಿ ಅದು ಚದರ ಮಿಲಿಮೀಟರ್, ತಂತಿಯನ್ನು ಅಡ್ಡ ಕೊಯ್ದರೆ ಕಾಣುವ ತಾಮ್ರದ ವಿಸ್ತೀರ್ಣ. ದಪ್ಪ ಎಂದುಕೊಂಡು ಸ್ಕೇಲು ಹಿಡಿಯಬೇಡಿ.) ಕರೆಂಟು ಫೇಸಿನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ಮರಳಬೇಕು, ಆದ್ದರಿಂದ 180 ಅಲ್ಲ, 360 ಮೀಟರ್. ಜನ ಹೆಚ್ಚಾಗಿ ಎಡವುವುದು ಇಲ್ಲೇ, ಮರಳುವ ದಾರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 360 ಮೀಟರಿಗೆ ಸುಮಾರು 2.87 ಓಮ್ ಆಯಿತು. ಓಡುವಾಗ ಈ ಮೋಟಾರು ಸುಮಾರು 7 ಆಂಪಿಯರ್ ಎಳೆಯುತ್ತದೆ, ಏಳನ್ನು 2.87ರಿಂದ ಗುಣಿಸಿದರೆ 20 ವೋಲ್ಟ್ ನಷ್ಟ. ಅದೇ ಜಾಸ್ತಿ. ಹೊರಡುವಾಗಲಂತೂ ಓಡುವಾಗಿನ ಐದು ಪಟ್ಟು, ಅಂದರೆ 35 ಆಂಪಿಯರ್ ಎಳೆಯಲು ನೋಡುತ್ತದೆ. ತಂತಿ ಬಿಟ್ಟುಕೊಡಬೇಕಲ್ಲ? ಅದು 21ಕ್ಕೇ ಕಟ್ಟಿಹಾಕಿತು. 21 ಗುಣಿಸು 2.87, ಅರವತ್ತು. ಮೀಟರು ತೋರಿಸಿದ್ದೂ ಅಷ್ಟನ್ನೇ.

ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಹೊಂದಿಕೊಂಡು ಇಳಿಯುತ್ತದೆ. 230 ಬೇಕಾದಲ್ಲಿ 150 ಕೊಟ್ಟರೆ ಸಿಗುವ ಬಲ ಮೂರರಲ್ಲಿ ಎರಡು ಪಾಲಲ್ಲ, ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಗುಂಯ್. ಇನ್ನು ಕಾಯಿಲ್ ಸುಟ್ಟದ್ದು ಏಕೆ? ಮನೆಯ ಬೋರ್ಡಿನಲ್ಲಿದ್ದದ್ದು 16 ಆಂಪಿಯರ್ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ದಾರಿ ಕಡಿಯುವ ಸ್ವಿಚ್ಚು. ತಿರುಗದೆ ನಿಂತ ಮೋಟಾರು ಎಳೆಯುತ್ತಿದ್ದದ್ದು 21. ಹದಿನಾರರ ಎಂಸಿಬಿ ಇಪ್ಪತ್ತೊಂದನ್ನು ಒಂದು ಗಂಟೆಯಾದರೂ ಸಹಿಸಿಕೊಂಡು ಕೂರಬಹುದು, ಅದರ ತಯಾರಿಕೆಯೇ ಹಾಗೆ. ಮೋಟಾರು ಅಷ್ಟು ಹೊತ್ತು ಸಹಿಸುವುದಿಲ್ಲ. ಅಂದರೆ ಸಣ್ಣ ತಂತಿ ಎರಡು ಅನ್ಯಾಯ ಮಾಡಿತು: ಮೋಟಾರನ್ನು ಹೊರಡಲು ಬಿಡಲಿಲ್ಲ, ಅದು ಒದ್ದಾಡುತ್ತಿರುವ ಸುದ್ದಿಯನ್ನು ಎಂಸಿಬಿಗೆ ಮುಟ್ಟಲೂ ಬಿಡಲಿಲ್ಲ.

ಈ ಎರಡನೆಯ ಅನ್ಯಾಯದ ಬಗ್ಗೆ ಹೇಳಲೆಂದೇ ನಾನು ಬಂದದ್ದು. ದೂರದ ವೈರು ಎಂದರೆ "ಕೊನೆಯಲ್ಲಿ ದೀಪ ಮಂಕಾಗುತ್ತದೆ" ಎಂದಷ್ಟೇ ನಾವು ತಿಳಿದಿದ್ದೇವೆ. ಬಲ್ಬಿನ ಕಾಲಕ್ಕೆ ಅದು ಸರಿಯಾಗಿತ್ತು, ಒಂದು ಉಪಕಾರವೂ ಆಗಿತ್ತು. ಒಳಗಿನ ತಂತಿ ಕಾದು ಉರಿಯುವ ಆ ಹಳೆಯ ಬಲ್ಬಿಗೆ ವೋಲ್ಟೇಜು ಶೇಕಡಾ 10 ಇಳಿದರೆ ಬೆಳಕು ಶೇಕಡಾ 30ರಷ್ಟು ಇಳಿಯುತ್ತಿತ್ತು. ಯಾರೋ ಮೋಟಾರು ಹಾಕಿದರೆ ಗೇಟಿನ ದೀಪ ಕೆಂಡದಂತೆ ಕೆಂಪಾಗುತ್ತಿತ್ತು. ಮನೆಯ ಹೆಂಗಸರು ಅಡುಗೆಮನೆಯ ಕಿಟಕಿಯಿಂದಲೇ "ವೋಲ್ಟೇಜು ಬಿತ್ತು" ಎನ್ನುತ್ತಿದ್ದರು. ಈಗ ಎಲ್ಲ ಕಡೆ ಎಲ್‌ಇಡಿ. ಅದರೊಳಗಿನ ಚಿಕ್ಕ ಸರ್ಕ್ಯೂಟು ವೋಲ್ಟೇಜು ಸಾಕಷ್ಟು ಏರಿಳಿದರೂ ಸಂಭಾಳಿಸಿಕೊಂಡು ಒಂದೇ ಸಮ ಉರಿಸುತ್ತದೆ. ಒಳ್ಳೆಯದೇ, ಆದರೆ ತಂತಿ ಬಡವಾಗಿದೆ ಎಂದು ಹೇಳುತ್ತಿದ್ದ ಸಾಕ್ಷಿ ಸತ್ತುಹೋಯಿತು. ಈ ದಾರಿಯ ನಾಲ್ಕು ದೀಪಕ್ಕೂ ಸೇರಿ ಈಗ 80 ವಾಟ್, ಅರ್ಧ ಆಂಪಿಯರೂ ಇಲ್ಲ. ಒಂದೂವರೆ ಎಂಎಂ ವೈರಿನಲ್ಲೂ ನಷ್ಟ ಎರಡು ವೋಲ್ಟ್ ದಾಟುವುದಿಲ್ಲ. ದೀಪ ನೋಡಿ ವೈರು ಸರಿಯಿದೆ ಎನ್ನುವುದು ಇನ್ನು ಮುಂದೆ ನಡೆಯದ ಮಾತು.

ಈಗ ಅದೇ ಶೆಡ್ಡಿನಲ್ಲಿ ಹೆಗ್ಗಣವೊಂದು ವೈರು ಕಡಿದು ಫೇಸು, ನ್ಯೂಟ್ರಲ್ ಒಂದಕ್ಕೊಂದು ತಾಗಿದವು ಎಂದಿಟ್ಟುಕೊಳ್ಳಿ. ಶಾರ್ಟ್ ಆದರೆ ಎಂಸಿಬಿ ಟಪ್ಪೆಂದು ಬೀಳುತ್ತದೆ ಎಂಬುದು ನಮ್ಮ ನಂಬಿಕೆ. ಬೀಳುತ್ತದೆಯೇ? ತಂತಿಯ 2.87 ಓಮ್, ಕಂಬದ ಕಡೆಯದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಒಟ್ಟು ಮೂರೂವರೆ ಎನ್ನೋಣ. 230 ಭಾಗಿಸು 3.5: ಸುಮಾರು 66 ಆಂಪಿಯರ್. ಅಂಗಡಿಯಲ್ಲಿ ಕೇಳದೆಯೇ ಕೈಗೆ ಕೊಡುವ ಎಂಸಿಬಿ ಸಿ ವರ್ಗದ್ದು. ಕ್ಷಣದಲ್ಲಿ ಬೀಳಲು ಅದಕ್ಕೆ ತನ್ನ ಅಳತೆಯ ಐದರಿಂದ ಹತ್ತು ಪಟ್ಟು ಬೇಕು. ಹದಿನಾರರದ್ದು ಖಂಡಿತ ಬೀಳಬೇಕಾದರೆ 160 ಆಂಪಿಯರ್. ನಮ್ಮ ಬಳಿ ಇರುವುದು 66. ಅದು ಬಿಸಿಯಾಗಿ ಬಿಸಿಯಾಗಿ ಕೆಲವು ಸೆಕೆಂಡಿನ ಮೇಲೆ ಬೀಳುತ್ತದೆ, ಅಷ್ಟರವರೆಗೆ ಶೆಡ್ಡಿನಲ್ಲಿ ಕಿಡಿ ಹಾರುತ್ತಿರುತ್ತದೆ. ಶೆಡ್ಡಿನಲ್ಲಿ ಏನಿರುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಒಣ ಹಾಳೆ, ಸೋಗೆ, ಸಿಪ್ಪೆ, ಗೋಣಿಚೀಲ.

ನಮ್ಮಲ್ಲಿ ಬಿ ವರ್ಗದ ಎಂಸಿಬಿಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಅದು ಮೂರರಿಂದ ಐದು ಪಟ್ಟಿಗೇ ಬೀಳುತ್ತದೆ. ಬಿ 10 ಇದ್ದರೆ 50 ಆಂಪಿಯರಿಗೆ ಖಂಡಿತ ಬೀಳುತ್ತದೆ, 66 ಸಾಕು. ದೀಪದ ದಾರಿಗಂತೂ 6 ಆಂಪಿಯರಿನದು ಹೆಚ್ಚಾಯಿತು; ಸಿ 6 ಆದರೂ 60ಕ್ಕೆ ಬಿದ್ದೇಬಿಡುತ್ತದೆ. ವೈರು ಬದಲಿಸಲು ಈ ವರ್ಷ ಕೈಯಲ್ಲಿ ಹಣವಿಲ್ಲದವರು ಕನಿಷ್ಠ ಎಂಸಿಬಿ ಬದಲಿಸಿ. ಖರ್ಚು ಒಂದು ಕಿಲೋ ಅಡಿಕೆಯ ಬೆಲೆಯನ್ನೂ ಮುಟ್ಟಲಾರದು.

ಶಾರ್ಟ್ ಒಂದು ಬಗೆ. ಇನ್ನೊಂದು, ಯಂತ್ರದ ಮೈಗೆ ಕರೆಂಟು ತಾಗುವುದು. ಅದು ಅರ್ಥಿಂಗ್ ಗುಂಡಿಯ ಮೂಲಕ ನೆಲದಲ್ಲಿ ಹರಿದು ಟ್ರಾನ್ಸ್‌ಫಾರ್ಮರಿಗೆ ಮರಳಬೇಕು. ನಮ್ಮ ಜಂಬಿಟ್ಟಿಗೆಯ ನೆಲ ಮಳೆಗಾಲದಲ್ಲಿ ಒಂದು ಥರ, ಏಪ್ರಿಲ್‌ನಲ್ಲಿ ಇನ್ನೊಂದು ಥರ. ಬೇಸಿಗೆಯಲ್ಲಿ ಗುಂಡಿಯ ರೋಧ 20 ಓಮ್, ಟ್ರಾನ್ಸ್‌ಫಾರ್ಮರಿನ ಕಡೆಯದೂ ಸೇರಿ 25 ಎಂದುಕೊಂಡರೆ ಹರಿಯುವ ಕರೆಂಟು 9 ಆಂಪಿಯರ್. ಎಂಸಿಬಿಯ ದೃಷ್ಟಿಯಲ್ಲಿ ಯಾರೋ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾರೆ, ಅಷ್ಟೆ. ದಿನವಿಡೀ ಬೀಳುವುದಿಲ್ಲ. ಯಂತ್ರದ ಮೈಯಲ್ಲಿ 180 ವೋಲ್ಟ್ ಕಾದುಕೊಂಡಿರುತ್ತದೆ, ಬರಿಗಾಲಿನಲ್ಲಿ ಒದ್ದೆ ಅಂಗಳದಲ್ಲಿ ನಿಂತವರಿಗಾಗಿ. ತಂತಿಯನ್ನು ಎಷ್ಟೇ ದಪ್ಪ ಮಾಡಿದರೂ ಇದಕ್ಕೆ ಪರಿಹಾರವಿಲ್ಲ. ಇದಕ್ಕೆ ಆರ್‌ಸಿಸಿಬಿಯೇ ಬೇಕು, 30 ಮಿಲಿಆಂಪಿಯರಿನದು. ಹೋದಷ್ಟು ಕರೆಂಟು ಮರಳಿತೇ ಎಂದು ಅದು ತೂಗಿ ನೋಡುತ್ತಿರುತ್ತದೆ; ಸ್ವಲ್ಪ ಕಡಿಮೆ ಮರಳಿದರೂ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಕಡಿದುಹಾಕುತ್ತದೆ. ವೈರು ಹತ್ತು ಮೀಟರೋ ಮುನ್ನೂರೋ, ಅದಕ್ಕೆ ಲೆಕ್ಕವಿಲ್ಲ. ಹೊರಾಂಗಣದ ಪ್ಲಗ್ಗಿಗೆ ಇದಿಲ್ಲದೆ ನಾನು ಕೈಹಾಕುವುದಿಲ್ಲ. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆ ಎಂದು ಅದನ್ನೇ ಕಿತ್ತು ನೇರ ಜೋಡಿಸಿದ ಮನೆಗಳನ್ನು ನೋಡಿದ್ದೇನೆ. ನಾಯಿ ಬೊಗಳುತ್ತದೆ ಎಂದು ನಾಯಿಯನ್ನೇ ಓಡಿಸಿದ ಹಾಗೆ.

ಇನ್ನೊಂದು ಕೆಟ್ಟ ಚಾಳಿಯಿದೆ: ಒಂದು ವೈರು ಉಳಿಸಲು ಫೇಸು ಮಾತ್ರ ಎಳೆದು, ಗೇಟಿನ ಬಳಿ ಕಬ್ಬಿಣದ ಸರಳು ಹುಗಿದು ಅದನ್ನೇ ನ್ಯೂಟ್ರಲ್ ಮಾಡುವುದು. ಇನ್ನೂ ಧೈರ್ಯವಂತರು ಬೇಲಿಯ ತಂತಿಯನ್ನೇ ಬಳಸುತ್ತಾರೆ. ಹಾಗೆ ಮಾಡಿದವರು ಇಲ್ಲಿದ್ದರೆ ಕೈ ಎತ್ತುವುದು ಬೇಡ, ಮನೆಗೆ ಹೋಗಿ ಮೊದಲು ಅದನ್ನು ಬಿಚ್ಚಿ.

ಹಾಗಾದರೆ ಎಷ್ಟು ಎಂಎಂ ಹಾಕಬೇಕು? ವೈರಿಂಗಿನ ಭಾರತೀಯ ಮಾನಕ ಐಎಸ್ 732 ಹೇಳುವ ಮಿತಿ ದೀಪಕ್ಕೆ ಶೇಕಡಾ 3, ಉಳಿದದ್ದಕ್ಕೆ ಶೇಕಡಾ 5. 230 ವೋಲ್ಟಿಗೆ ಅದು ಸುಮಾರು 7 ಮತ್ತು ಹನ್ನೊಂದೂವರೆ ವೋಲ್ಟ್. ಪಟ್ಟಿ ಹುಡುಕುವ ಕಷ್ಟ ಬೇಡವೆಂದು ನಾನು ಇಟ್ಟುಕೊಂಡಿರುವ ಬಾಯಿಲೆಕ್ಕ ಇದು. ದೂರವನ್ನು ಮೀಟರಿನಲ್ಲಿ, ಒಂದೇ ಕಡೆಯದು, ಆಂಪಿಯರಿನಿಂದ ಗುಣಿಸಿ. ಪ್ಲಗ್ಗಾದರೆ 250ರಿಂದ ಭಾಗಿಸಿ, ದೀಪವಾದರೆ 150ರಿಂದ. ಬಂದದ್ದೇ ತಾಮ್ರದ ಚದರ ಮಿಲಿಮೀಟರ್. ಅದರ ಮೇಲಿನ ಅಳತೆಯ ವೈರು ಕೊಳ್ಳಿ. ಹೋಗಿ ಬರುವ ದೂರ, ವೈರು ಬಿಸಿಯಾದಾಗ ಏರುವ ರೋಧ, ಎರಡೂ ಈ ಸಂಖ್ಯೆಯೊಳಗೇ ಇವೆ. ನಮ್ಮ ಶೆಡ್ಡಿಗೆ ಹಾಕಿ ನೋಡಿ: 180 ಗುಣಿಸು 7 ಭಾಗಿಸು 250, ಐದು ಚಿಲ್ಲರೆ. ಅಂದರೆ 6 ಎಂಎಂ. ಅಲ್ಯೂಮಿನಿಯಂ ಆದರೆ ಬಂದ ಉತ್ತರವನ್ನು 1.6ರಿಂದ ಗುಣಿಸಬೇಕು. ಮನೆಯೊಳಗಿನ ಹತ್ತು ಹದಿನೈದು ಮೀಟರಿನ ವೈರಿಗೆ ಈ ಲೆಕ್ಕ ಬೇಡ. ಅಲ್ಲಿ ವೈರು ಎಷ್ಟು ಬಿಸಿ ತಡೆಯುತ್ತದೆ ಎಂಬುದೇ ಮುಖ್ಯ, ಕಂಪನಿಯ ಪಟ್ಟಿ ಸಾಕು. ಪೂರ್ತಿ 16 ಆಂಪಿಯರ್ ಎಳೆಯುವುದಾದರೆ ಎರಡೂವರೆ ಎಂಎಂ ನಲವತ್ತು ಮೀಟರಿನವರೆಗೆ ನಡೆಯುತ್ತದೆ, ಅಂದರೆ ಹದಿನೈದು ಅಡಿಕೆ ಮರ. ಅದರಾಚೆ ದೂರವೇ ಯಜಮಾನ.

ಹಳಬರಿಗೆ ಒಂದು ಮಾತು. "ತ್ರೀ ಟ್ವೆಂಟಿ", "ಸೆವೆನ್ ಟ್ವೆಂಟಿ" ಎಂದು ಕೇಳಿ ತರುವವರು ಇನ್ನೂ ಇದ್ದಾರೆ. ಇಪ್ಪತ್ತನೆಯ ಗೇಜಿನ ಒಂದು ಎಳೆ 0.914 ಮಿಲಿಮೀಟರ್ ದಪ್ಪ. ಮೂರು ಎಳೆಗೆ ಎರಡು ಚದರ ಮಿಲಿಮೀಟರ್, ಏಳಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು. ಗೇಜಿನಲ್ಲಿ ಅಂಕಿ ದೊಡ್ಡದಾದಷ್ಟೂ ಎಳೆ ತೆಳ್ಳಗಾಗುತ್ತದೆ ಎಂಬುದನ್ನು ಮರೆತು ಮೋಸ ಹೋದವರೂ ಇದ್ದಾರೆ.

ಪ್ಲಗ್ಗಿನ ಬಗ್ಗೆ ಒಂದು ಕಿವಿಮಾತು. ಹದಿನಾರು ಆಂಪಿಯರಿನ ದೊಡ್ಡ ಸಾಕೆಟ್ ಕೂರಿಸಿದಿರಿ ಎಂದರೆ ಅಷ್ಟು ಕೊಡುತ್ತೇನೆ ಎಂದು ಬರೆದುಕೊಟ್ಟ ಹಾಗೆ. ಅರವತ್ತಾರು ಮರದಾಚೆ ಆ ಮಾತು ಉಳಿಸಿಕೊಳ್ಳಬೇಕಾದರೆ 180 ಗುಣಿಸು 16 ಭಾಗಿಸು 250, ಹನ್ನೊಂದೂವರೆ. ಅಂದರೆ 16 ಎಂಎಂ ತಾಮ್ರ. ಯಾರೂ ಹಾಕುವುದಿಲ್ಲ. ಆದ್ದರಿಂದ ತಂತಿ ಸಣ್ಣದಿದ್ದಲ್ಲಿ ನಾನು ಬೇಕೆಂದೇ 6 ಆಂಪಿಯರಿನ ಸಣ್ಣ ಮೂರುಪಿನ್ನಿನ ಸಾಕೆಟ್ ಮಾತ್ರ ಹಾಕುತ್ತೇನೆ. ಎರಡೂ ಬಗೆಯ ಪಿನ್ನು ಹೊಗುವ ಜಂಟಿ ಸಾಕೆಟ್ ಖಂಡಿತ ಹಾಕುವುದಿಲ್ಲ. ವೆಲ್ಡಿಂಗ್ ಯಂತ್ರ ಹೊತ್ತು ತಂದವನಿಗೆ ಪಿನ್ನು ಹೊಗದಿದ್ದರೆ ಬೈದುಕೊಳ್ಳುತ್ತಾನೆ, ಬೈದುಕೊಳ್ಳಲಿ.

ಇದೇ ಲೆಕ್ಕದ ಇನ್ನೊಂದು ಮುಖ ನೋಡಿ. ಅಷ್ಟೇ ವಾಟಿನ ಕೆಲಸಕ್ಕೆ ವೋಲ್ಟೇಜು ಅರ್ಧವಾದರೆ ಆಂಪಿಯರ್ ಎರಡು ಪಟ್ಟಾಗುತ್ತದೆ, ಶೇಕಡಾವಾರು ನಷ್ಟ ನಾಲ್ಕು ಪಟ್ಟಾಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಒಯ್ದಾಗ ಅದನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿದ್ದು ಇದಕ್ಕಾಗಿಯೇ. ಬೆಂಗಳೂರಿನ ಬೀದಿಗೆ 1905ರಲ್ಲಿ ದೀಪ ಬಂದದ್ದೂ ಅಲ್ಲಿಯ ವಿದ್ಯುತ್ತಿನಿಂದಲೇ. ಇದನ್ನೇ ತಲೆಕೆಳಗು ಮಾಡಿ ಕೆಲವರು ತೋಟದ ದಾರಿಗೆ 12 ವೋಲ್ಟಿನ ದೀಪ ತರುತ್ತಾರೆ, ಶಾಕ್ ಹೊಡೆಯುವುದಿಲ್ಲ ಎಂದು. ಅಂಗಳದ ಸುತ್ತ ಸರಿ. ಆದರೆ ಅದೇ ತಂತಿ, ಅದೇ ದೂರ, ಅದೇ ವಾಟಿಗೆ ಶೇಕಡಾವಾರು ನಷ್ಟ 230 ವೋಲ್ಟಿನದಕ್ಕಿಂತ ಮುನ್ನೂರು ಪಟ್ಟು ದಾಟುತ್ತದೆ. ದೂರದ ಗೇಟಿಗೆ ಬರೀ ದೀಪವೇ ಬೇಕಿದ್ದರೆ ಅಲ್ಲಿಯೇ ಒಂದು ಸೌರದೀಪ ನಿಲ್ಲಿಸುವುದು ಮೇಲು. ಮಳೆಗಾಲದಲ್ಲಿ ಅದು ಮುನಿಸಿಕೊಳ್ಳುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಮನೆಗೆ ಮೂರು ಫೇಸ್ ಇದ್ದವರು ಪುಣ್ಯವಂತರು. ಭಾರವನ್ನು ಮೂರಕ್ಕೂ ಸಮನಾಗಿ ಹಂಚಿದರೆ ಅದೇ ದಪ್ಪದ ತಂತಿಯಲ್ಲಿ ನಷ್ಟ ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ಮೂರು ಫೇಸಿನ ಮೋಟಾರೇ ಕೊಂಡರೆ ಕೆಪಾಸಿಟರಿನ ಕಾಟವೂ ಇಲ್ಲ.

ಸ್ನೇಹಿತರ ಶೆಡ್ಡಿಗೆ ಕೊನೆಗೆ ಏನು ಮಾಡಿದೆವು? ಲೆಕ್ಕದಲ್ಲಿ ಬಂದದ್ದು 6 ಎಂಎಂ ತಾಮ್ರ. ಆದರೆ ಅದು ಓಡುವ ಮೋಟಾರಿನ ಲೆಕ್ಕ, ಹೊರಡುವ ಮೋಟಾರಿನದಲ್ಲ. ತಾಮ್ರದ ಬೆಲೆ ಕೇಳಿ ಇಬ್ಬರೂ ಒಂದು ನಿಮಿಷ ಸುಮ್ಮನಿದ್ದೆವು. ಆಮೇಲೆ 16 ಎಂಎಂ ಅಲ್ಯೂಮಿನಿಯಂನ ಆರ್ಮರ್ಡ್ ಕೇಬಲ್, ಅಂದರೆ ಲೋಹದ ಕವಚವಿರುವ ಕೇಬಲ್ ತಂದೆವು. ಅದರ ರೋಧ ಕಿಲೋಮೀಟರಿಗೆ 1.91 ಓಮ್, 10 ಎಂಎಂ ತಾಮ್ರದ ವೈರಿಗೆ ಸಮ. ಮುಕ್ಕಾಲು ಮೀಟರ್ ಆಳದ ಕಾಲುವೆ ತೋಡಿ, ಮರಳು ಹಾಸಿ, ಕೇಬಲ್ ಮಲಗಿಸಿ, ಮತ್ತೆ ಮರಳು, ಮೇಲೆ ಇಟ್ಟಿಗೆ. ಬೋರ್‌ವೆಲ್ಲಿನಿಂದ ಮೇಲೆತ್ತಿದ ಹಳೆಯ ಚಪ್ಪಟೆ ಕೇಬಲನ್ನೇ ಹುಗಿಯೋಣ ಎಂದರು, ಒಪ್ಪಲಿಲ್ಲ. ಅದರ ವಯಸ್ಸಾಗಿತ್ತು, ಗುದ್ದಲಿಯ ಏಟಿಗೆ ಅದಕ್ಕೆ ಕವಚವೂ ಇಲ್ಲ. ಅಲ್ಯೂಮಿನಿಯಂ ಎಳೆಗಳನ್ನು ನೇರವಾಗಿ ಸಾಕೆಟ್ಟಿಗೆ ತುರುಕಬಾರದು: ತುದಿ ಸಡಿಲವಾಗುತ್ತದೆ, ಕಿಲುಬು ಹಿಡಿಯುತ್ತದೆ, ಬಿಸಿಯಾಗುತ್ತದೆ. ಎರಡೂ ತುದಿಗೆ ಡಬ್ಬಿ ಇಟ್ಟು, ಎಳೆಗಳ ತುದಿಗೆ ಲಗ್ ಎಂಬ ಲೋಹದ ಟೊಪ್ಪಿ ಒತ್ತಿ, ಅಲ್ಲಿಂದ ಮುಂದಕ್ಕೆ ತಾಮ್ರ ಕೊಟ್ಟೆವು. ಮೊದಲ ಸಲ ಗುಂಡಿ ಒತ್ತಿದಾಗ ಶೆಡ್ಡಿನ ಮೀಟರು 190ರ ಹತ್ತಿರ ಇಳಿದು ಒಂದೇ ಉಸಿರಿಗೆ 215 ದಾಟಿತು. ಯಂತ್ರ ತಿರುಗಿತು. ಬಿಚ್ಚಿದ ಹಳೆಯ ಎರಡೂವರೆ ಎಂಎಂ ವೈರು ಅಟ್ಟದ ಮೇಲಿದೆ. ಯಾರಿಗಾದರೂ ಬೇಕೇ ಎಂದು ಅವರು ಬೆಳಿಗ್ಗೆಯೂ ಕೇಳುತ್ತಿದ್ದರು.

ಪ್ರಶ್ನೆಗಳು.

ಒಬ್ಬರು ಕೇಳಿದರು: ಮಗ ಅಮೆರಿಕದಲ್ಲಿದ್ದಾನೆ, ಹಿತ್ತಿಲಿನ ಶೆಡ್ಡಿಗೆ 200 ಅಡಿ ವೈರು ಎಳೆಯುತ್ತಿದ್ದಾನೆ, ನಿಮ್ಮ ಲೆಕ್ಕ ಅಲ್ಲಿಗೂ ಆಗುತ್ತದೆಯೇ? ಆಗುವುದಿಲ್ಲ. ಅಲ್ಲಿ ಸಾಮಾನ್ಯ ಪ್ಲಗ್ಗಿನಲ್ಲಿ 120 ವೋಲ್ಟ್. ಅಲ್ಲಿನವರು ಹೆಚ್ಚಾಗಿ ಬಳಸುವ 12ನೆಯ ಗೇಜಿನ ತಾಮ್ರದ ವೈರು ನಮ್ಮ 3.3 ಎಂಎಂ, 200 ಅಡಿಯಾಚೆ 15 ಆಂಪಿಯರ್ ಎಳೆದರೆ 12 ವೋಲ್ಟ್ ಹೋಗುತ್ತದೆ, ಅಂದರೆ ಹತ್ತರಲ್ಲಿ ಒಂದು ಪಾಲು. ಅಲ್ಲಿನ ಮನೆಗಳಿಗೆ 240 ಕೂಡ ಬರುತ್ತದೆ. ಶೆಡ್ಡಿಗೆ ಅದನ್ನೇ ಒಯ್ದು, ಅಲ್ಲಿ ಚಿಕ್ಕ ಬೋರ್ಡು ಮಾಡಿ ಹಂಚಿಕೊಳ್ಳಲು ಅಲ್ಲಿಯ ಲೈಸೆನ್ಸಿನ ಎಲೆಕ್ಟ್ರಿಷಿಯನ್ನನ್ನು ಕೇಳಲಿ.

ಹಿಂದಿನ ಸಾಲಿನ ಅಜ್ಜನೊಬ್ಬರು ಎದ್ದು ನಿಂತು, ಗೇಟಿನ ದೀಪದ ಸ್ವಿಚ್ಚು ಆರಿಸಿದರೂ ರಾತ್ರಿಯಿಡೀ ಮಿಣಮಿಣ ಉರಿಯುತ್ತದೆ, ಮನೆಯವರು ಹೆದರುತ್ತಾರೆ ಎಂದರು. ಅಜ್ಜ, ಮೊದಲು ಟೆಸ್ಟರ್ ಹಿಡಿಸಿ ನೋಡಿ. ಸ್ವಿಚ್ಚು ಆರಿಸಿದ ಮೇಲೂ ಹೋಲ್ಡರಿನಲ್ಲಿ ಗಟ್ಟಿಯಾಗಿ ಫೇಸ್ ತೋರಿಸಿದರೆ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿದ್ದಾರೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕರೆದು ಪರೀಕ್ಷಿಸಿ. ಹಾಗಿದ್ದರೆ ಅಪಾಯ, ಕೂಡಲೇ ಸರಿಮಾಡಿಸಬೇಕು. ಹಾಗಲ್ಲದಿದ್ದರೆ, ದೀಪದ ವೈರಿನ ಪಕ್ಕದಲ್ಲೇ ಪ್ಲಗ್ಗಿನ ಫೇಸು ದಾರಿಯುದ್ದಕ್ಕೂ ಮಲಗಿರುತ್ತದೆ. ಇಷ್ಟು ಉದ್ದಕ್ಕೆ ಅವೆರಡೇ ಒಂದು ಕೆಪಾಸಿಟರ್ ಆಗಿ ಒಂದು ಮಿಲಿಆಂಪಿಯರಿನಷ್ಟು ಕರೆಂಟು ದಾಟುತ್ತದೆ. ಹಳೆಯ ಬಲ್ಬಿಗೆ ಅದು ಗೊತ್ತೂ ಆಗುತ್ತಿರಲಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಆ ಸಾಲಿನಲ್ಲಿ ಒಂದು ಹಳೆಯ ತಂತಿಯ ಬಲ್ಬು ಸೇರಿಸಿ ನೋಡಿ, ನಿಲ್ಲುತ್ತದೆ. "ಬಲ್ಬು ಈಗ ಎಲ್ಲಿ ಸಿಗುತ್ತದೆ?" ಎಂದರು ಅಜ್ಜ. ನಮ್ಮ ಮನೆಯ ದೇವರಕೋಣೆಯಲ್ಲಿ ಒಂದು ಹದಿನೈದು ವಾಟಿನದು ಬಾಕಿಯಿದೆ, ಕೊಡುತ್ತೇನೆ.